ಎರಡನೇ ಸಾಲಿನ ಹೊಂಬಣ್ಣ

ಮುಹೂರ್ತ ಮುಗಿದು ಆರತಕ್ಷತೆ ಶುರುವಾಗುವ ಹೊತ್ತಿಗೆ ಮದುವೆ ಫೋಟೋಗ್ರಾಫರ್ ಕೈಯಲ್ಲಿ ತುಂಬಿದ ಮೆಮೊರಿ ಕಾರ್ಡುಗಳಿರುತ್ತವೆ. ಲ್ಯಾಪ್‌ಟಾಪಿಗೂ ಹಾರ್ಡ್ ಡಿಸ್ಕಿಗೂ ಅವನ್ನು ಇಳಿಸುವವರೆಗೆ ನೆಮ್ಮದಿಯಿಲ್ಲ. ತಾಳಿ ಕಟ್ಟಿದ ಗಳಿಗೆ ಮತ್ತೆ ಬಾರದು.

ಹಳೆಯ ಯುಎಸ್‌ಬಿ 2.0 ಕಾರ್ಡ್ ರೀಡರ್ ಸೆಕೆಂಡಿಗೆ ಸಾಗಿಸುವುದು ಸುಮಾರು 35 ಎಂಬಿ. 64 ಜಿಬಿ ಕಾರ್ಡ್ ಇಳಿಯಲು ಅರ್ಧ ಗಂಟೆ. ಅಂಥವು ನಾಲ್ಕಿದ್ದರೆ ಊಟದ ಕೊನೆಯ ಪಂಕ್ತಿಯೂ ಎದ್ದಿರುತ್ತದೆ.

ಯುಎಚ್‌ಎಸ್-2 ಎಸ್‌ಡಿ ಕಾರ್ಡನ್ನು ತಿರುಗಿಸಿ ನೋಡಿ: ಬೆನ್ನಿನ ಮೇಲೆ ಹೊಂಬಣ್ಣದ ಪಟ್ಟಿಗಳು ಎರಡು ಸಾಲಾಗಿವೆ. ವೇಗದ ಮಿತಿಯನ್ನು ಸೆಕೆಂಡಿಗೆ 104ರಿಂದ 312 ಎಂಬಿಗೆ ಏರಿಸಿದ್ದು ಆ ಎರಡನೇ ಸಾಲು. ಮೊದಲ ಸಾಲು ಹಾಗೇ ಉಳಿದಿರುವುದರಿಂದ ಹಳೆಯ ಕ್ಯಾಮೆರಾಗೂ ಕಾರ್ಡ್ ಒಗ್ಗುತ್ತದೆ. ಎಷ್ಟು ಸೊಗಸಾದ ಉಪಾಯ! ಆದರೆ ರೀಡರ್‌ನಲ್ಲೂ ಎರಡನೇ ಸಾಲನ್ನು ಮುಟ್ಟುವ ಪಿನ್ನುಗಳಿರಬೇಕು. ಇಲ್ಲದಿದ್ದರೆ ದುಬಾರಿ ಕಾರ್ಡೂ ಹಳೆಯ ನಡಿಗೆಯಲ್ಲೇ ತೆವಳುತ್ತದೆ.

ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಎಂಬ ಕಾರ್ಡ್ ಇನ್ನೂ ಚುರುಕು. ಕಂಪ್ಯೂಟರಿನ ವೇಗದ ಎಸ್‌ಎಸ್‌ಡಿಗಳು ಬಳಸುವ ಪಿಸಿಐಇ ಹಾದಿಯೇ ಅದರದೂ. ಸೆಕೆಂಡಿಗೆ 1,000 ಎಂಬಿ ಓದುವ ರೀಡರಿಗೆ ಅಷ್ಟೇ ವೇಗದ ಎಸ್‌ಎಸ್‌ಡಿ ಜೊತೆಯಾದರೆ ಅದೇ 64 ಜಿಬಿ ಒಂದು ನಿಮಿಷದ ಆಸುಪಾಸಿನಲ್ಲಿ ಇಳಿಯುತ್ತದೆ. ಎರಡನೇ ಪ್ರತಿಯನ್ನೂ ಮಾಡಿಟ್ಟು ಎಲೆಯ ಮುಂದೆ ನಿರಾಳವಾಗಿ ಕೂರಲು ಫೋಟೋಗ್ರಾಫರಿಗೆ ಹೊತ್ತು ಸಿಗುತ್ತದೆ.