ದಫ್ತರು ಸುಟ್ಟ ಮೇಲೆ

1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದ ಕೂಡಲೇ ಬ್ರಿಟನ್ ಸರ್ಕಾರ ಪ್ರಜೆಗಳನ್ನೆಲ್ಲ ಲೆಕ್ಕಹಾಕಿ ಗುರುತಿನ ಚೀಟಿ ಹಂಚಿತು. ಅದರ ಬೆನ್ನಿಗೇ ಪಡಿತರ ಪುಸ್ತಕ ಬಂತು. ಜನಸಾಮಾನ್ಯರ ಆ ಚೀಟಿಯಲ್ಲಿ ಹೆಸರು, ವಿಳಾಸ, ಒಂದು ಸಂಖ್ಯೆ ಇದ್ದವು. ಭಾವಚಿತ್ರವಿರಲಿಲ್ಲ, ಬೆರಳಚ್ಚೂ ಇರಲಿಲ್ಲ. ಚೀಟಿ ಯಾರ ಕೈಯಲ್ಲಿದೆಯೋ ಅವರೇ ಆ ಹೆಸರಿನವರು. ಅಗಾಥಾ ಕ್ರಿಸ್ಟಿಯ ಕಣ್ಣು ನೆಟ್ಟದ್ದು ಈ ಸಂದಿನ ಮೇಲೆ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಕಾದಂಬರಿಯಲ್ಲಿ ಚಿಪ್ಪಿಂಗ್ ಕ್ಲೆಗ್‌ಹಾರ್ನ್ ಎಂಬ ಹಳ್ಳಿಗೆ ಯುದ್ಧದ ನಂತರ ಬಂದು ನೆಲೆಸಿದವರು ನಿಜಕ್ಕೂ ಯಾರು ಎಂಬುದು ಊರಿನ ಯಾರಿಗೂ ಗೊತ್ತಿಲ್ಲ; ಅವರು ತಮ್ಮ ಬಗ್ಗೆ ಹೇಳಿಕೊಂಡದ್ದನ್ನೇ ಎಲ್ಲರೂ ನಂಬಿದ್ದಾರೆ. ಮಿಸ್ ಮಾರ್ಪಲ್ ಎಂಬ ಮುದುಕಿ ಬೆರಳಿಡುವುದು ಅಲ್ಲಿಯೇ. ಯುದ್ಧಕಾಲವನ್ನೆಲ್ಲ ಸ್ವಿಟ್ಜರ್ಲೆಂಡಿನಲ್ಲಿ ಕಳೆದು, ಸತ್ತ ಅಕ್ಕನ ಹೆಸರು ಹೊತ್ತು ಬಂದ ತಂಗಿಯೊಬ್ಬಳು ಆ ಊರಿನಲ್ಲಿ ಗೌರವದಿಂದ ಬಾಳುತ್ತಿರುತ್ತಾಳೆ.

ಹೌದು, ಗುಟ್ಟು ಒಡೆದೆ. ಮುಂದೆಯೂ ಒಡೆಯುತ್ತೇನೆ. ಕೊನೆಯ ಅಧ್ಯಾಯ ಮುಚ್ಚಿಟ್ಟುಕೊಂಡು ಪತ್ತೇದಾರಿ ಸಾಹಿತ್ಯದ ವಿಮರ್ಶೆ ಬರೆಯಲು ಆಗುವುದಿಲ್ಲ.

ಯುದ್ಧಕಾಲದ ಗುಟ್ಟೊಂದು ವರ್ಷಗಳ ನಂತರ ಹೆಣವಾಗಿ ಎದ್ದುಬರುವುದು, ಪೊಲೀಸನಲ್ಲದ ಯಾರೋ ಅದರ ಜಾಡು ಹಿಡಿಯುವುದು: ಈ ಬಗೆಯ ಕಥೆಗಳು ಇಂಗ್ಲೆಂಡ್, ಜಪಾನ್, ಫ್ರಾನ್ಸ್ ಮೂರೂ ಕಡೆ ನೂರು ವರ್ಷದಿಂದ ಬರುತ್ತಲೇ ಇವೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮಗೆ ಪತ್ತೇದಾರನೆಂದರೆ ಅದೇ ಕಸುಬಿನವನು. ಹವ್ಯಾಸಿ ಪತ್ತೇದಾರ ಎಂದರೆ ತಲೆಹರಟೆಯೋ ಕಾಲಹರಣವೋ ಅನ್ನಿಸುತ್ತದೆ, ಪೊಲೀಸರು ದಡ್ಡರಾದ್ದರಿಂದ ಅವನಿಗೊಂದು ಕೆಲಸ ಸಿಕ್ಕಿತು ಎಂಬಂತೆ. ಯುದ್ಧದ ಗುಟ್ಟಿನ ಕಥೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ದಫ್ತರು ಸುಟ್ಟಿರುತ್ತದೆ, ಇಲ್ಲವೇ ಅದಕ್ಕೆ ಬೀಗ ಬಿದ್ದಿರುತ್ತದೆ. ಬೀಗ ಹಾಕಿದವನು ಹಲವು ಸಲ ಸರ್ಕಾರವೇ. ತನಿಖೆ ಮಾಡಬೇಕಾದವನೇ ಆರೋಪಿಯಾದಾಗ ಹೊರಗಿನವನೊಬ್ಬ ಬೇಕೇ ಬೇಕು. ಈ ಪರಂಪರೆಯ ಯಾವುದೇ ಪುಸ್ತಕದ ತೂಕ ನೋಡುವಾಗ ನಾನು ಕೇಳುವುದು ಇಷ್ಟೇ: ಈ ಹವ್ಯಾಸಿ ಇಲ್ಲಿ ಏಕಿದ್ದಾನೆ ಎಂಬುದು ಲೇಖಕರಿಗೆ ಗೊತ್ತೆ?

ಡೊರೊಥಿ ಸೇಯರ್ಸ್‌ಗೆ ಅರ್ಧ ಗೊತ್ತಿತ್ತು. ಆಕೆಯ ಲಾರ್ಡ್ ಪೀಟರ್ ವಿಮ್ಸಿ ಸಿರಿವಂತ, ವಾಚಾಳಿ. ಜೊತೆಗೆ ಮೊದಲ ಮಹಾಯುದ್ಧದ ಕಂದಕಗಳಲ್ಲಿ ನರಗಳನ್ನು ಕಳೆದುಕೊಂಡು ಬಂದವನು. 1923ರ ‘ಹೂಸ್ ಬಾಡಿ?’ಯಲ್ಲಿ ಕೊಲೆಗಾರ ಯಾರೆಂದು ಹೊಳೆದ ಕೂಡಲೇ ಅವನು ಹಿಗ್ಗುವುದಿಲ್ಲ, ಕುಸಿಯುತ್ತಾನೆ. ಒಬ್ಬನ ಸಾವಿಗೆ ಕಾರಣವಾಗುವ ಮಾತು ಮತ್ತೆ ತನ್ನ ಬಾಯಿಂದಲೇ ಬರಬೇಕಲ್ಲ ಎಂಬ ಭಯ ಅವನನ್ನು ಯುದ್ಧದ ರಾತ್ರಿಗಳಿಗೆ ಎಳೆದೊಯ್ಯುತ್ತದೆ. 1928ರ ‘ಬೆಲ್ಲೋನಾ ಕ್ಲಬ್’ ಕಾದಂಬರಿಯಲ್ಲಿ ಕದನವಿರಾಮದ ದಿನವಾದ ನವೆಂಬರ್ 11ರಂದು ಮುದಿ ಜನರಲ್ ಒಬ್ಬ ಕ್ಲಬ್ಬಿನ ಕುರ್ಚಿಯಲ್ಲೇ ಸತ್ತಿರುತ್ತಾನೆ. ಅವನ ಕೋಟಿನಲ್ಲಿ ಕೆಂಪು ಗಸಗಸೆ ಹೂವಿಲ್ಲ. ಅಂಥ ಸೈನಿಕ ಆ ದಿನ ಹೂವಿಲ್ಲದೆ ಬೀದಿಗೆ ಇಳಿಯುವವನಲ್ಲ. ಅಂದಮೇಲೆ ಅವನು ಸತ್ತದ್ದು ಅದಕ್ಕೂ ಮೊದಲೇ. ಸುಳಿವಿನ ಜಾಣತನಕ್ಕೆ ತಲೆದೂಗಬೇಕು. ಆದರೂ ಮನಸ್ಸಿನಲ್ಲಿ ಉಳಿಯುವವನು ಮೊಮ್ಮಗ ಜಾರ್ಜ್: ವಿಷಾನಿಲ ಕುಡಿದು ಬಂದವನು, ಹೆಂಡತಿಯ ದುಡಿಮೆಯಲ್ಲಿ ಬದುಕುತ್ತ ಅದಕ್ಕಾಗಿ ಅವಳ ಮೇಲೆಯೇ ರೇಗುವವನು.

ಕ್ರಿಸ್ಟಿಗೆ ಯುದ್ಧ ಅಪರಿಚಿತವಲ್ಲ. ಮೊದಲ ಯುದ್ಧದಲ್ಲಿ ಟಾರ್ಕಿಯ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿಯುತ್ತಲೇ ವಿಷಗಳ ವಿದ್ಯೆ ಕಲಿತರು. ಅವರ ಪತ್ತೇದಾರ ಪ್ವಾರೊ ಕೂಡ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತನೇ. ಆದರೆ ಯುದ್ಧ ಅವರ ಪಾಲಿಗೆ ಬಹುಮಟ್ಟಿಗೆ ಅನುಕೂಲದ ವಸ್ತು. 1948ರ ‘ಟೇಕನ್ ಅಟ್ ದ ಫ್ಲಡ್’ನಲ್ಲಿ ಲಂಡನ್ನಿನ ಮನೆಯೊಂದರ ಮೇಲೆ ಬಾಂಬು ಬೀಳುತ್ತದೆ, ಶ್ರೀಮಂತ ಸಾಯುತ್ತಾನೆ, ಎಳೆಯ ಹೆಂಡತಿ ಬದುಕುತ್ತಾಳೆ, ಬದುಕಿದವಳು ನಿಜವಾಗಿ ಮನೆಗೆಲಸದವಳು. ಬಾಂಬು ಇಲ್ಲಿ ಹೆಸರು ಬದಲಿಸುವ ಒಂದು ಯಂತ್ರ ಅಷ್ಟೇ. ಅದೇ ಕಾದಂಬರಿಯ ಲಿನ್ ಮಾರ್ಚ್‌ಮಂಟ್ ನೌಕಾಪಡೆಯ ಮಹಿಳಾ ದಳದಲ್ಲಿ ದುಡಿದು ಮರಳಿದವಳು. ಹಳ್ಳಿ ಅವಳಿಗೆ ಉಸಿರುಕಟ್ಟಿಸುತ್ತದೆ. ಅವಳ ಚಡಪಡಿಕೆಯನ್ನು ಕ್ರಿಸ್ಟಿ ಸೂಕ್ಷ್ಮವಾಗಿಯೇ ಹಿಡಿಯುತ್ತಾರೆ. ಕೊನೆಗೆ ಮಾಡುವುದೇನು? ಅವಳ ಕತ್ತು ಹಿಸುಕಲು ಹೋದ ರೌಲಿಯ ಜೊತೆಯೇ ಅವಳ ಮದುವೆ. ಹಳ್ಳಿ ಮೊದಲಿನಂತಾಯಿತು, ಹೊರಗಿನವಳು ಹೋದಳು, ಒಳಗಿನವಳು ಒಲೆಯ ಮುಂದೆ ಕೂತಳು. ಈ ಮುಕ್ತಾಯವನ್ನು ಎಷ್ಟು ಸಲ ಓದಿದರೂ ನನಗೆ ಸಿಟ್ಟು ಬರುತ್ತದೆ.

ಜಪಾನಿನ ದಾರಿ ಬೇರೆ. ಯುದ್ಧ ನಡೆಯುವಾಗ ಅಲ್ಲಿ ಪತ್ತೇದಾರಿ ಕಥೆಗೇ ಉಸಿರಾಡಲು ಜಾಗವಿರಲಿಲ್ಲ. ಕೈಕಾಲು ಕಳೆದುಕೊಂಡು ಮರಳಿದ ಸೈನಿಕನ ಬಗ್ಗೆ ಎಡೊಗಾವಾ ರಾಂಪೊ 1929ರಲ್ಲಿ ಬರೆದಿದ್ದ ಕಥೆಯನ್ನು 1939ರಲ್ಲಿ ಮರುಮುದ್ರಣವಾಗದಂತೆ ತಡೆದರು. ಸೋಲಿನ ನಂತರ ಕಟ್ಟೆ ಒಡೆಯಿತು. ಸೇಶಿ ಯೊಕೊಮಿಜೊ ಸೃಷ್ಟಿಸಿದ ಕಿಂದಾಯಿಚಿ ತಲೆ ಕೆರೆದುಕೊಳ್ಳುವ, ಮಾಸಿದ ಬಟ್ಟೆಯ ಪತ್ತೇದಾರ. ತಾನೂ ಸೈನ್ಯದಿಂದ ಮರಳಿದವನು. 1947ರಲ್ಲಿ ಧಾರಾವಾಹಿಯಾಗಿ ಶುರುವಾದ ‘ಗೊಕುಮೊನ್ ದ್ವೀಪ’ದಲ್ಲಿ ಅವನು ದ್ವೀಪಕ್ಕೆ ಹೋಗುವುದು ತಾಯ್ನಾಡಿಗೆ ಮರಳುವ ಹಡಗಿನಲ್ಲೇ ಸತ್ತ ಗೆಳೆಯನ ಸುದ್ದಿ ಹೊತ್ತು. ಯುದ್ಧಕ್ಕೆಂದು ಸರ್ಕಾರ ಒಯ್ದಿದ್ದ ದೇವಾಲಯದ ಗಂಟೆ ಮರಳಿ ಬಂದಿರುತ್ತದೆ, ಕೊಲೆಗೂ ಒದಗುತ್ತದೆ. 1950-51ರ ‘ಇನುಗಾಮಿ ಕುಲ’ದಲ್ಲಿ ಬರ್ಮಾದಿಂದ ಮುಖ ವಿಕಾರವಾಗಿ ಬಂದ ಮೊಮ್ಮಗ ರಬ್ಬರಿನ ಮುಖವಾಡ ತೊಟ್ಟು ಕೂರುತ್ತಾನೆ. ಅವನು ಅವನೇ ಹೌದೇ ಎಂದು ತಿಳಿಯಲು ಯುದ್ಧಕ್ಕೆ ಹೋಗುವ ಮುನ್ನ ದೇವಾಲಯಕ್ಕೆ ಅರ್ಪಿಸಿದ್ದ ಹಸ್ತಮುದ್ರೆಯೇ ಗತಿ. ಕ್ರಿಸ್ಟಿಯ ಕೈಯಲ್ಲಿ ತಂತ್ರವಾಗಿದ್ದ ಬದಲಾದ ಗುರುತು ಇಲ್ಲಿ ಮನೆಮನೆಯ ಸಂಕಟವಾಗಿದೆ: ಬಾಗಿಲಲ್ಲಿ ನಿಂತವನು ನಮ್ಮವನೇ?

ಆಮೇಲೆ ಬಂದ ಸೇಯ್ಚೊ ಮತ್ಸುಮೊತೊ ಮುಖವಾಡ, ದ್ವೀಪಗಳನ್ನೆಲ್ಲ ಪಕ್ಕಕ್ಕಿಟ್ಟು ರೈಲು ವೇಳಾಪಟ್ಟಿ, ಕಚೇರಿ, ಬಾಡಿಗೆ ಕೋಣೆಗಳ ಜಪಾನಿಗೆ ಕಥೆಯನ್ನು ಇಳಿಸಿದರು. ‘ಇನ್‌ಸ್ಪೆಕ್ಟರ್ ಇಮಾನಿಶಿ ಇನ್ವೆಸ್ಟಿಗೇಟ್ಸ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದ ಕಾದಂಬರಿಯಲ್ಲಿ 1945ರ ಒಸಾಕಾ ವಾಯುದಾಳಿಯಲ್ಲಿ ಕುಟುಂಬ ನೋಂದಣಿಯ ದಫ್ತರು ಸುಟ್ಟುಹೋಗುತ್ತದೆ. ಕುಷ್ಠರೋಗಿಯ ಮಗನೊಬ್ಬ ಆ ಬೂದಿಯಿಂದ ಹೊಸ ಹೆಸರು ಪಡೆದು ಹೆಸರಾಂತ ಸಂಗೀತಗಾರನಾಗುತ್ತಾನೆ. ಅಲ್ಲಿ ಜಾಡು ಹಿಡಿಯುವವನು ಪೊಲೀಸ್. 1959ರಲ್ಲಿ ಪುಸ್ತಕವಾದ ‘ಝೀರೋ ಫೋಕಸ್’ನಲ್ಲಿ ಮಾತ್ರ ಹವ್ಯಾಸಿ ಎಂಬ ಮಾತಿಗೆ ಅರ್ಥ ಬರುತ್ತದೆ. ತೇಯ್ಕೊ ಹೊಸ ಮದುಮಗಳು; ನೋಡಿ ಒಪ್ಪಿಸಿ ಮಾಡಿದ ಮದುವೆ. ಗಂಡ ಕೆಲಸದ ಮೇಲೆ ಕನಜಾವಾಕ್ಕೆ ಹೋದವನು ಮರಳುವುದಿಲ್ಲ. ಅವಳು ಹುಡುಕಹೊರಡುವುದು ಕೊಲೆಗಾರನನ್ನಲ್ಲ, ತಾನು ಕಟ್ಟಿಕೊಂಡವನು ಯಾರೆಂಬುದನ್ನು. ಒಂದು ಕಾಲಕ್ಕೆ ಅವನು ತಚಿಕಾವಾದಲ್ಲಿ ಪೊಲೀಸನಾಗಿದ್ದ, ಅಮೆರಿಕನ್ ಸೈನಿಕರ ಸುತ್ತ ಬದುಕಿದ ಬೀದಿ ಹೆಂಗಸರ ಮೇಲೆ ಕಣ್ಣಿಡುವ ಕೆಲಸದಲ್ಲಿದ್ದ. ಆ ಹೆಂಗಸರಲ್ಲೊಬ್ಬಳು ಈಗ ಉದ್ಯಮಿಯ ಹೆಂಡತಿ, ಊರಿನ ಗಣ್ಯೆ. ತನ್ನ ಹಳೆಯ ಬದುಕನ್ನು ಗುರುತಿಸಬಲ್ಲವರನ್ನು ಅವಳು ಮುಗಿಸುತ್ತ ಹೋಗುತ್ತಾಳೆ.

ಮತ್ಸುಮೊತೊ ಅವಳನ್ನು ರಾಕ್ಷಸಿ ಮಾಡುವುದಿಲ್ಲ, ಅದು ಅವರ ದೊಡ್ಡತನ. ಆದರೆ ಲೆಕ್ಕ ಅಲ್ಲಿಗೇ ಚುಕ್ತಾ ಆಗುವುದಿಲ್ಲ. ಸೋತ ಕೆಲವೇ ದಿನಗಳಲ್ಲಿ, 1945ರ ಆಗಸ್ಟ್‌ನಲ್ಲೇ, ಪರದೇಶಿ ಸೈನಿಕರಿಗಾಗಿ ವೇಶ್ಯಾಗೃಹಗಳ ವ್ಯವಸ್ಥೆಗೆ ಕೈಹಾಕಿದ್ದು ಜಪಾನ್ ಸರ್ಕಾರವೇ. ಮರುವರ್ಷ ಅದನ್ನು ಮುಚ್ಚಿದಾಗ ಹೆಂಗಸರು ಬೀದಿಗೆ ಬಿದ್ದರು. ಕಾದಂಬರಿಯಲ್ಲಿ ಚಳಿಗಾಲದ ಕಡಲಿಗೆ ಒಂಟಿ ದೋಣಿಯಲ್ಲಿ ಹೋಗಿ ಸಾಯುವವಳು ಹೆಂಗಸು. ವ್ಯವಸ್ಥೆ ಮಾಡಿದ ಗಂಡಸರ ವಿಚಾರಣೆ ನಡೆಯುವುದೇ ಇಲ್ಲ. ತೇಯ್ಕೊ ಬಾಗಿಲವರೆಗೆ ಬಂದಳು, ಲೇಖಕರು ಬಾಗಿಲು ತೆರೆಯಲಿಲ್ಲ.

ಈಚಿನ ಇಂಗ್ಲಿಷ್ ಮಾರುಕಟ್ಟೆಯಲ್ಲಿ ಈ ಬಗೆಯ ಕಥೆ ಅಂಗಡಿಯ ಒಂದು ಕಪಾಟನ್ನೇ ಹಿಡಿದಿದೆ. ಜಾಕ್ವೆಲಿನ್ ವಿನ್‌ಸ್ಪಿಯರ್ 2003ರಲ್ಲಿ ಶುರುಮಾಡಿ 2024ರಲ್ಲಿ ಮುಗಿಸಿದ ಮೇಸಿ ಡಾಬ್ಸ್ ಸರಣಿ ಅವುಗಳಲ್ಲಿ ಉತ್ತಮವಾದದ್ದು. ಮನೆಗೆಲಸದ ಹುಡುಗಿ ಕೇಂಬ್ರಿಜ್ ಸೇರಿ, ಯುದ್ಧದಲ್ಲಿ ದಾದಿಯಾಗಿ, 1929ರಲ್ಲಿ ಸ್ವಂತ ತನಿಖಾ ಕಚೇರಿ ತೆರೆಯುತ್ತಾಳೆ. ಲೇಖಕಿಯ ತಾತ ಸೋಮ್ ಕದನದಲ್ಲಿ ಗಾಯಗೊಂಡವರು. ಮುಖ ಚಿಂದಿಯಾದ ಸೈನಿಕರ ಬಗ್ಗೆ ಬರೆಯುವಾಗ ಅವರ ಕೈ ನಡುಗುವುದು ಕಾಣುತ್ತದೆ. ತೊಂದರೆ ಇರುವುದು ಮೇಸಿಯ ಒಳ್ಳೆಯತನದಲ್ಲಿ. ಅವಳು ಗುಟ್ಟು ಬಯಲು ಮಾಡಿದ ಕೂಡಲೇ ಗಾಯ ಮಾಯತೊಡಗುತ್ತದೆ. ಯುದ್ಧ ಒಂದು ಹಳೆಯ ನೋವು, ಬಾಯಿಬಿಟ್ಟು ಹೇಳಿಕೊಂಡರೆ ಹಗುರಾದೀತು ಎಂಬ ಭರವಸೆ ಪುಟಪುಟದಲ್ಲಿ. ಓದುವಾಗ ಹಿತವಾಗಿರುತ್ತದೆ. ಆದರೆ ಹಿತವೆನಿಸಿದಷ್ಟೂ ಯಾರ ಮೇಲೂ ದೂರು ಉಳಿಯುವುದಿಲ್ಲ.

ದೂರು ಉಳಿಸಿದ್ದು ಫ್ರೆಂಚರು. ಸೆಬಾಸ್ಟಿಯಾಂ ಜಪ್ರಿಸೊ 1991ರಲ್ಲಿ ಬರೆದ ‘ಎ ವೆರಿ ಲಾಂಗ್ ಎಂಗೇಜ್‌ಮೆಂಟ್’ ಈ ಪರಂಪರೆಯ ಶಿಖರ ಎಂಬುದರಲ್ಲಿ ನನಗೆ ಅನುಮಾನವಿಲ್ಲ. 1917ರ ಜನವರಿ. ತಮ್ಮ ಕೈಗೆ ತಾವೇ ಗಾಯ ಮಾಡಿಕೊಂಡರೆಂದು ಶಿಕ್ಷೆಗೊಳಗಾದ ಐವರು ಫ್ರೆಂಚ್ ಸೈನಿಕರ ಕೈಕಟ್ಟಿ ಎರಡು ಸೈನ್ಯಗಳ ನಡುವಣ ಹಿಮದ ಬಯಲಿಗೆ ತಳ್ಳುತ್ತಾರೆ. ಕೊಂದವರು ಜರ್ಮನರು ಎಂದು ಕಾಗದದಲ್ಲಿ ಬರೆದರೆ ಮುಗಿಯಿತು. ಅವರಲ್ಲೊಬ್ಬನ ಜೊತೆ ಮದುವೆ ನಿಶ್ಚಯವಾಗಿದ್ದ ಮತಿಲ್ಡ್‌ಗೆ ಚಿಕ್ಕಂದಿನಿಂದ ನಡೆಯಲು ಬಾರದು. ಗಾಲಿಕುರ್ಚಿಯಲ್ಲಿ ಕೂತೇ ಪತ್ರಿಕೆಗಳಿಗೆ ಜಾಹೀರಾತು ಕೊಡುತ್ತಾಳೆ, ವಿಧವೆಯರಿಗೆ, ಬದುಕಿ ಮರಳಿದವರಿಗೆ ಕಾಗದ ಬರೆಯುತ್ತಾಳೆ. ಕಾದಂಬರಿಯ ಬಹುಭಾಗ ಆ ಕಾಗದಗಳೇ. ಒಬ್ಬೊಬ್ಬರದೂ ಬೇರೆ ಕೈಬರಹ, ಬೇರೆ ಸುಳ್ಳು, ಬೇರೆ ಮುಜುಗರ. ಕ್ಷಮಾದಾನದ ಆದೇಶವನ್ನು ಮೇಲಧಿಕಾರಿಯೇ ತಡೆಹಿಡಿದಿದ್ದನೆಂಬುದು ಹಾಗೆಯೇ ಹೊರಬೀಳುತ್ತದೆ. ಅವಳ ಪಕ್ಕದಲ್ಲಿ ಜಪ್ರಿಸೊ ಇನ್ನೊಬ್ಬ ಹೆಣ್ಣನ್ನು ನಿಲ್ಲಿಸುತ್ತಾರೆ, ಟೀನಾ ಲೊಂಬಾರ್ದಿ. ಅವಳೂ ತನ್ನವನನ್ನು ಕಳೆದುಕೊಂಡವಳು, ಅದೇ ಜಾಡು ಹಿಡಿದವಳು. ಆದರೆ ಸಿಕ್ಕ ಅಧಿಕಾರಿಗಳನ್ನು ಕೊಲ್ಲುತ್ತ ಹೋಗುತ್ತಾಳೆ. ಒಂದೇ ಸತ್ಯ ಒಬ್ಬಳನ್ನು ಪತ್ತೇದಾರಳನ್ನಾಗಿಯೂ ಇನ್ನೊಬ್ಬಳನ್ನು ಕೊಲೆಗಾರ್ತಿಯನ್ನಾಗಿಯೂ ಮಾಡುತ್ತದೆ. ಕೊನೆಗೆ ಮತಿಲ್ಡ್‌ಗೆ ಅವಳ ಹುಡುಗ ಸಿಗುತ್ತಾನೆ, ಆದರೆ ಅವನಿಗೆ ಅವಳ ನೆನಪಿಲ್ಲ. ಇದು ಬರೀ ಕಲ್ಪನೆ ಎನ್ನುವವರು ಬ್ರಿಟನ್ ಕಡೆ ನೋಡಬಹುದು: ಓಡಿಹೋದರೆಂದೋ ಹೇಡಿಗಳೆಂದೋ ತನ್ನವರ ಗುಂಡಿಗೇ ಸತ್ತ 306 ಸೈನಿಕರಿಗೆ ಆ ದೇಶ ಕ್ಷಮೆ ಕೊಟ್ಟದ್ದು 2006ರಲ್ಲಿ.

ಪಾತ್ರಿಕ್ ಮೊದಿಯಾನೊ 1997ರಲ್ಲಿ ಪ್ರಕಟಿಸಿದ ‘ದೋರಾ ಬ್ರೂದೆ’ಯನ್ನು ಕಾದಂಬರಿ ಎನ್ನುವುದೂ ಕಷ್ಟ. 1941ರ ಡಿಸೆಂಬರ್ 31ರ ಪತ್ರಿಕೆಯಲ್ಲಿ ಕಾಣೆಯಾದ ಹದಿನೈದರ ಹುಡುಗಿಯ ಪ್ರಕಟಣೆ ಕಂಡು, ಅವಳ ಜಾಡು ಹಿಡಿದು ಅವರು ವರ್ಷಗಟ್ಟಲೆ ಅಲೆದರು. ಅವಳನ್ನು ಆಶ್‌ವಿಟ್ಸ್‌ಗೆ ಸಾಗಿಸಿದ ದಿನಾಂಕ ಸಿಗುತ್ತದೆ. ಮನೆಬಿಟ್ಟ ತಿಂಗಳುಗಳಲ್ಲಿ ಅವಳು ಎಲ್ಲಿದ್ದಳೆಂಬುದು ಸಿಗುವುದಿಲ್ಲ, ಮೊದಿಯಾನೊ ಅದನ್ನು ಕಲ್ಪನೆಯಿಂದ ತುಂಬಲೂ ಒಪ್ಪುವುದಿಲ್ಲ.

ದಿದಿಯೇ ದೆನಾಂಕ್ಸ್ ಬರೆದ ‘ಮರ್ಡರ್ ಇನ್ ಮೆಮೋರಿಯಂ’ (1983) ಶೈಲಿಯಲ್ಲಿ ಒರಟು, ಪಾತ್ರಗಳು ತೆಳು. ಆದರೂ ಪಕ್ಕಕ್ಕಿಡಲಾಗದ ಪುಸ್ತಕ. 1961ರ ಅಕ್ಟೋಬರ್ 17ರ ರಾತ್ರಿ ಪ್ಯಾರಿಸ್ ಪೊಲೀಸರು ಅಲ್ಜೀರಿಯನ್ನರ ಮೆರವಣಿಗೆಯ ಮೇಲೆ ಬಿದ್ದು ಜನರನ್ನು ಕೊಂದು ಸೇನ್ ನದಿಗೆ ಎಸೆದರು. ಆ ಗದ್ದಲದಲ್ಲಿ ಇತಿಹಾಸದ ಮೇಷ್ಟ್ರೊಬ್ಬ ಕೊಲೆಯಾಗುತ್ತಾನೆ, ಇಪ್ಪತ್ತು ವರ್ಷದ ಮೇಲೆ ಅವನ ಮಗನೂ. ಇಬ್ಬರೂ ದ್ರಾನ್ಸಿ ಶಿಬಿರದಿಂದ ಯೆಹೂದಿಗಳನ್ನು ಸಾಗಿಸಿದ ಕಡತಗಳನ್ನು ಕೆದಕುತ್ತಿದ್ದವರು. ಇಲ್ಲಿ ಹವ್ಯಾಸಿಗಳು ಸಾಯುತ್ತಾರೆ, ಕಥೆ ಮುಗಿಸಲು ಪೊಲೀಸ್ ಬರಬೇಕಾಗುತ್ತದೆ. ಅಪರಾಧಿಯ ಹಿಂದಿನ ಮಾದರಿ ಯಾರೆಂದು ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತಿತ್ತು: ಮೋರಿಸ್ ಪಾಪೋಂ. ಯುದ್ಧಕಾಲದಲ್ಲಿ ಬೋರ್ಡೊದ ಅಧಿಕಾರಿ, 1961ರಲ್ಲಿ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ. ಯೆಹೂದಿಗಳನ್ನು ಸಾಗಿಸಿದ್ದಕ್ಕೆ 1998ರಲ್ಲಿ ಅವನಿಗೆ ಹತ್ತು ವರ್ಷದ ಶಿಕ್ಷೆಯಾಯಿತು.

ಆ ವಿಚಾರಣೆಯಲ್ಲಿ 1961ರ ಆ ರಾತ್ರಿಯ ಬಗ್ಗೆ ಪಾಪೋಂ ವಿರುದ್ಧ ಸಾಕ್ಷಿ ಹೇಳಿದ್ದು ಜಾಂ-ಲ್ಯುಕ್ ಐನೋದಿ. ಅವರು ವಿಶ್ವವಿದ್ಯಾಲಯದ ಇತಿಹಾಸಕಾರರಲ್ಲ, ತಪ್ಪುದಾರಿ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ಇಲಾಖೆಯ ನೌಕರ. ಸರ್ಕಾರಿ ದಫ್ತರು ನೋಡಲು ಅನುಮತಿ ಸಿಗದೆ, ಬದುಕುಳಿದವರನ್ನು ಹುಡುಕಿ ಕೇಳಿ 1991ರಲ್ಲಿ ಪುಸ್ತಕ ಬರೆದಿದ್ದರು. ಪಾಪೋಂ ಐನೋದಿಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದ. 1999ರಲ್ಲಿ ಪ್ಯಾರಿಸ್ ದಫ್ತರಖಾನೆಯ ಬ್ರಿಜಿತ್ ಲೇನೆ, ಫಿಲಿಪ್ ಗ್ರಾಂ ಎಂಬ ಇಬ್ಬರು ಅಧಿಕಾರಿಗಳು ತಮ್ಮ ಬಳಿಯಿದ್ದ ಕಡತಗಳಲ್ಲಿ ಏನಿದೆಯೆಂದು ಐನೋದಿಯ ಪರವಾಗಿ ನ್ಯಾಯಾಲಯಕ್ಕೆ ತಿಳಿಸಿದರು. ಪಾಪೋಂ ಮೊಕದ್ದಮೆ ಸೋತ. ಆ ಇಬ್ಬರು ಅಧಿಕಾರಿಗಳ ಹುದ್ದೆ ಕಾಗದದ ಮೇಲೆ ಉಳಿಯಿತು, ಕೆಲಸವನ್ನು ಮಾತ್ರ ವರ್ಷಗಟ್ಟಲೆ ಕಿತ್ತುಕೊಂಡರು.