ಅಂಬಾಸಿಡರಿನ ಹಳೆಯ ಚಕ್ರ
ಬೇಸಿಗೆಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಬಿಸಿಲಿಗೆ ನಿಂತ ಅಂಬಾಸಿಡರಿನ ಸ್ಟೀರಿಂಗ್ ಮುಟ್ಟಿದವರಿಗೇ ಗೊತ್ತು, ರೊಟ್ಟಿ ಹಂಚಿಗಿಂತ ಅದೇನೂ ಕಡಿಮೆಯಲ್ಲ. 2014ರಲ್ಲಿ ತಯಾರಿಕೆ ನಿಂತ ಆ ಕಾರಿನ ಹಳೆಯ ಸ್ಟೀರಿಂಗ್ ಚಕ್ರಕ್ಕೆ ಜೀವ ತುಂಬುವ ಕೈಗಳ ಮೇಲೆ ನನಗೆ ವಿಶೇಷ ಪ್ರೀತಿ.

ಒಳಗೆ ಉಕ್ಕಿನ ಬಳೆ, ಮೇಲೆ ಗಟ್ಟಿ ಪ್ಲಾಸ್ಟಿಕ್. ಬಿಸಿಲಿಗೆ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಈ ಜಗ್ಗಾಟ ನಡೆದು ಕೊನೆಗೆ ಬಿರುಕು, ಥೇಟ್ ನಮ್ಮ ಎರೆಹೊಲದಂತೆ.

ದುರಸ್ತಿಗೆಂದು ಚಕ್ರ ಬಿಚ್ಚುವಾಗ ನಡುವಿನ ನಟ್ಟನ್ನು ಎರಡು ಸುತ್ತು ಉಳಿಸಿಯೇ ಜಗ್ಗಬೇಕು. ಇಲ್ಲವಾದರೆ ಚಕ್ರ ಸೀದಾ ಮೂಗಿಗೆ! ಮೊದಲು ಸೋಪಿನ ನೀರು, ಹಲ್ಲುಜ್ಜುವ ಹಳೆ ಬ್ರಷ್ಷು. ಹತ್ತಾರು ವರ್ಷದ ಬೆವರು, ಎಣ್ಣೆ, ಧೂಳು ಕಪ್ಪಗೆ ಇಳಿಯುವುದನ್ನು ನೋಡುವುದೇ ಚಂದ. ಅವಸರಕ್ಕೆ ಥಿನ್ನರ್ ಸುರಿದರೆ ಪ್ಲಾಸ್ಟಿಕ್ಕೇ ಕೆಡುತ್ತದೆ. ಆಮೇಲೆ ಬಿರುಕನ್ನು ಅರದಿಂದ ಇನ್ನಷ್ಟು ಅಗಲಿಸುತ್ತಾರೆ. ಮಾಲೀಕರ ಜೀವ ಹೋಗುವುದು ಇಲ್ಲಿಯೇ. ಆದರೆ ಹಾಗೆ ಬಾಯಿ ಬಿಡಿಸದೆ ತುಂಬಿದ ಎಪಾಕ್ಸಿ ಅಂಟು ಹಿಡಿಯುವುದಿಲ್ಲ. ಒಂದು ದಿನ ಒಣಗಿಸಿ, 220, 400, 800 ನಂಬರಿನ ವಾಟರ್ ಪೇಪರಿನಲ್ಲಿ ನೀರು ಹಚ್ಚಿ ಹಚ್ಚಿ ತಿಕ್ಕಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದಾಗ ಬೆಸುಗೆಯ ಜಾಗ ಸಿಗಬಾರದು. ಸಿಕ್ಕರೆ ಬಣ್ಣದ ಡಬ್ಬಿ ಮುಚ್ಚಿಟ್ಟು, ಮತ್ತೆ ತಿಕ್ಕು.