ಬಿಂಬಪೀಠವೂ ಪುಷ್ಪಿಕೆಯೂ: ವಿಜಯಪುರದ ವಸ್ತುಸಂಗ್ರಹಾಲಯ — ಒಂದು ಪರಿಶೀಲನೆ

ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಯ ಪ್ರಾಚೀನ ಅವಶೇಷಗಳನ್ನು ಅಭ್ಯಸಿಸಬಯಸುವವರು ಅವಶ್ಯವಾಗಿ ನೋಡಬೇಕಾದ ಸ್ಥಳ ವಿಜಯಪುರದ ಪುರಾತತ್ತ್ವ ವಸ್ತುಸಂಗ್ರಹಾಲಯ. ಮಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಲ್ಲಿ ಸ್ಥಾಪಿತವಾದ ಈ ಸಂಗ್ರಹವು 1982ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಅಧೀನಕ್ಕೆ ಬಂದಿತು. ಅರಬ್ಬಿ, ಪಾರಸಿ, ಕನ್ನಡ, ಸಂಸ್ಕೃತ ಶಾಸನಗಳು, ವೈದಿಕ ಮತ್ತು ಜೈನ ಶಿಲ್ಪಗಳು, ವೀರಗಲ್ಲುಗಳು, ಸಚಿತ್ರ ಹಸ್ತಪ್ರತಿಗಳು, ಫರ್ಮಾನು, ಸನದುಗಳು, ಬಿದರಿ ಪಾತ್ರೆ, ಜಮಖಾನೆ, ಮರದ ಕೆತ್ತನೆ, ಗೃಹೋಪಯೋಗಿ ವಸ್ತುಗಳು ಇಲ್ಲಿ ಒಂದೇ ಸೂರಿನಡಿ ಕೂಡಿವೆ.

ಇದರ ಉಪಕಾರ ಅಲ್ಪವಾದುದಲ್ಲ. ಬಸದಿ ಬಿದ್ದ ಮೇಲೆ ಅದರ ಕಲ್ಲು ಬಾವಿಯ ಕಟ್ಟೆಗೋ ಹೊಲದ ಒಡ್ಡಿಗೋ ಸೇರುವುದು ನಮ್ಮ ನಾಡಿನ ಸಾಮಾನ್ಯ ಕಥೆ. ಅಂಥ ಗತಿಯಿಂದ ತಪ್ಪಿಸಿಕೊಂಡ ಬಿಂಬಗಳಿಗೆ ಸಂಗ್ರಹಾಲಯ ಆಶ್ರಯವಿತ್ತಿದೆ. ಜಿನಬಿಂಬವನ್ನು ಪ್ರದರ್ಶನಕ್ಕೆ ಇಡುವುದೇ ಅನುಚಿತವೆಂಬ ಆಕ್ಷೇಪವುಂಟು. ಅದೇ ನಗರದ ದರ್ಗಾ ಭಾಗದ ಬಸದಿಯಲ್ಲಿ ಸಹಸ್ರಫಣಿ ಪಾರ್ಶ್ವನಾಥನಿಗೆ ಪೂಜೆ ಸಲ್ಲುತ್ತಿರುವುದನ್ನು ಕಂಡವರಿಗೆ ಈ ಭೇದ ನೋವು ತರುವುದು ಸಹಜ. ಆದರೆ ಖಂಡಿತಬಿಂಬವು ಪೂಜಾರ್ಹವಲ್ಲವೆಂಬುದು ಪ್ರತಿಷ್ಠಾಶಾಸ್ತ್ರದ ಮತ. ಪೂಜೆಯಿಂದ ಹೊರಗುಳಿದ ಬಿಂಬಕ್ಕೆ ರಕ್ಷಣೆ ದೊರೆತುದು ದೋಷವಲ್ಲ. ವಿಚಾರಣೀಯವಾದುದು ರಕ್ಷಣೆಯ ಅನಂತರದ ಕ್ರಮ.

ಸಂಗ್ರಹದ ವಿವರಣೆಯಲ್ಲಿ ಶಾಸನಗಳನ್ನು ಲಿಪಿ, ಭಾಷೆಗಳಿಂದಲೂ ಶಿಲ್ಪಗಳನ್ನು ಮತಭೇದದಿಂದಲೂ ವಿಂಗಡಿಸಲಾಗಿದೆ. ಇದು ಆಡಳಿತಕ್ಕೆ ಅನುಕೂಲ, ಇತಿಹಾಸಕ್ಕೆ ಸಾಲದು. ಗ್ರಂಥಸಂಪಾದಕನಿಗೆ ತಾಡವಾಲೆಯ ಕೊನೆಯ ಪುಷ್ಪಿಕೆ ಎಷ್ಟು ಮುಖ್ಯವೋ ಶಿಲ್ಪದ ಅಭ್ಯಾಸಿಗೆ ಪೀಠದ ಅಕ್ಷರವೂ ಅಷ್ಟೇ ಮುಖ್ಯ. ಯಾರು ಬರೆಸಿದರು, ಯಾರಿಗಾಗಿ, ಯಾವ ಶಕವರ್ಷ, ಯಾವ ಊರು — ಇವನ್ನು ಪುಷ್ಪಿಕೆ ಹೇಳುತ್ತದೆ. ಯಾರು ಮಾಡಿಸಿದರು, ಗುರು ಯಾರು, ಯಾವ ಗಣ, ಯಾವ ಬಸದಿ — ಇವನ್ನು ಪೀಠಲೇಖ ಹೇಳುತ್ತದೆ. ಪುಷ್ಪಿಕೆ ಕಳೆದ ಪ್ರತಿ ಪಾಠವನ್ನು ಉಳಿಸಿಕೊಂಡೀತು, ಪರಂಪರೆಯನ್ನು ಉಳಿಸಿಕೊಳ್ಳಲಾರದು. ಊರು ಕಳೆದ ಬಿಂಬದ ಸ್ಥಿತಿಯೂ ಇದೇ.

ಊರಿನ ಹೆಸರಿನ ಬೆಲೆಗೆ ಬಾಗೇವಾಡಿ ತಾಲೂಕಿನ ನರಸಲಗಿಯೇ ಉದಾಹರಣೆ. ಅಲ್ಲಿಯ ಕ್ರಿ.ಶ. 957ರ ಶಾಸನದಿಂದ, ಮುಂದೆ 973ರಲ್ಲಿ ಕಲ್ಯಾಣಚಾಲುಕ್ಯ ರಾಜ್ಯವನ್ನು ಕಟ್ಟಿದ ತೈಲಪನು ಆಗ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಅಧೀನನಾಗಿದ್ದನೆಂಬುದು ತಿಳಿಯುತ್ತದೆ. ತರ್ದವಾಡಿ ಸಾಸಿರವೇ ಅವನ ಏಳ್ಗೆಯ ನೆಲೆ. ಈ ಒಂದು ಕಲ್ಲು ಊರಿಲ್ಲದೆ ದೊರೆತಿದ್ದರೆ ಚಾಲುಕ್ಯರ ಪುನರುತ್ಥಾನದ ಮೊದಲ ಹೆಜ್ಜೆಗಳು ಯಾವ ನೆಲದಲ್ಲಿ ಬಿದ್ದವೆಂದು ನಿಶ್ಚಯಿಸುವುದು ಕಠಿನವಾಗುತ್ತಿತ್ತು.

ಇದೇ ತೈಲಪನ ರಾಜ್ಯದಲ್ಲಿ ಬಾಳಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದವಳೂ, ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳೆಂದು ಖ್ಯಾತಿವೆತ್ತವಳೂ ಅವಳೇ. ಆಕೆಗೆ ಓಲೆಯೂ ಬಿಂಬವೂ ಒಂದೇ ಧರ್ಮಕಾರ್ಯದ ಎರಡು ಅಂಗಗಳು. ಇಂದಿನ ವಿಂಗಡಣೆಯಲ್ಲಿ ಓಲೆ ಒಂದು ಕೋಣೆಗೆ, ಬಿಂಬ ಇನ್ನೊಂದಕ್ಕೆ, ಶಾಸನ ಮತ್ತೊಂದಕ್ಕೆ ಹೋಗುವುದರಿಂದ ಈ ಸಂಬಂಧವೇ ನೋಟಕನಿಗೆ ಮರೆಯಾಗುತ್ತದೆ. ಜಾನಪದ ವಸ್ತುಗಳೆಂದು ಬೇರೆಯಾಗಿಡುವ ಸಾಮಗ್ರಿಗೂ ಈ ಮಾತು ಸಲ್ಲುತ್ತದೆ. ಓಲೆ ಕೊರೆಯುವ ಕಂಟ, ಓಲೆಗೆ ರಕ್ಷೆಯಾದ ಮರದ ಹಲಗೆ, ಗ್ರಂಥವನ್ನಿಡುವ ಠವಣೆಕೋಲು ಕೇವಲ ಮನೆಬಳಕೆಯ ಪದಾರ್ಥಗಳಲ್ಲ. ಇವು ಹಸ್ತಪ್ರತಿಯ ಬಳಿ ಇರತಕ್ಕವು.

ಸಂಗ್ರಹಾಲಯಗಳ ನಾಮಫಲಕಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕರ್ನಾಟಕದ ಪ್ರಾಚೀನ ಬಿಂಬಗಳಲ್ಲಿ ಅನೇಕಕ್ಕೆ ಲಾಂಛನವಿರುವುದಿಲ್ಲ. ಏಳು ಹೆಡೆಯಿದ್ದರೆ ಪಾರ್ಶ್ವ, ಐದಿದ್ದರೆ ಸುಪಾರ್ಶ್ವ, ಭುಜದ ಮೇಲೆ ಜಟೆಯಿದ್ದರೆ ವೃಷಭನೆಂದು ಗುರುತಿಸಬಹುದು. ಉಳಿದೆಡೆ ಯಕ್ಷ-ಯಕ್ಷಿಯರೇ ಆಧಾರ. ಇದನ್ನು ಪರೀಕ್ಷಿಸದೆ 'ಮಹಾವೀರ' ಎಂದು ಬರೆಯುವುದಕ್ಕಿಂತ 'ತೀರ್ಥಂಕರ' ಎಂದು ಬರೆದು ನಿಲ್ಲುವುದು ಶ್ರೇಯಸ್ಕರ. ನಿಷಿಧಿಯನ್ನು ವೀರಗಲ್ಲೆಂದು ಕರೆಯುವುದು ಇನ್ನೂ ದೊಡ್ಡ ಪ್ರಮಾದ. ಎರಡರಲ್ಲಿಯೂ ಮರಣದ ಸ್ಮರಣೆಯುಂಟು; ಆದರೆ ಒಂದರಲ್ಲಿ ಕಾದಿ ಮಡಿದವನು, ಇನ್ನೊಂದರಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ವ್ರತಿ. ಹೆಸರು ತಪ್ಪಿದರೆ ಆ ಜೀವದ ಸಾಧನೆಯೇ ಮರೆಯಾಗುತ್ತದೆ.

ಪರಿಹಾರ ದುಸ್ಸಾಧ್ಯವಲ್ಲ. ಪ್ರತಿ ಶಿಲ್ಪದ ಫಲಕದಲ್ಲಿ ದೊರೆತ ಊರು, ತಾಲೂಕು ಇರಲಿ. ಪೀಠಲೇಖದ ಪಾಠವನ್ನು ಇಂದಿನ ಕನ್ನಡ ಲಿಪಿಯಲ್ಲಿ ಕೊಡಲಿ. ಶಾಸನ ಪ್ರಕಟವಾಗಿದ್ದರೆ ಸಂಪುಟದ ಸಂಖ್ಯೆಯನ್ನು ಸೂಚಿಸಲಿ. ಈ ಹೊರೆ ಸಂಗ್ರಹಾಲಯದ ಮೇಲೆ ಮಾತ್ರ ಬೀಳತಕ್ಕದ್ದಲ್ಲ. ಪಿ. ಬಿ. ದೇಸಾಯಿಯವರು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜೈನ ಶಾಸನಗಳನ್ನು ಊರೂರಿನ ಸಂದರ್ಭದಲ್ಲಿಟ್ಟು ವಿವೇಚಿಸಿದ ಮಾರ್ಗ ನಮ್ಮ ಮುಂದಿದೆ. ಬಾಗೇವಾಡಿ ಸೀಮೆಯ ಹಳ್ಳಿಗಳ ಗುಡಿಗೋಡೆ, ಕೆರೆಯ ದಂಡೆ, ಹಾಳು ಬಸದಿಗಳಲ್ಲಿ ಉಳಿದಿರುವುದನ್ನು ಸ್ಥಳದಲ್ಲಿಯೇ ನೋಡಿ ಪಟ್ಟಿಮಾಡುವ ಕೆಲಸ ಜೈನ ಸಂಸ್ಥೆಗಳದೂ ಹೌದು. ಕಲ್ಲು ಊರು ಬಿಡುವ ಮೊದಲೇ ಊರಿನ ಹೆಸರು ಬರೆಹಕ್ಕೆ ಬರಬೇಕು. ತಡವಾದರೆ ಸಂಗ್ರಹಾಲಯಕ್ಕೆ ಸೇರುವುದು ಬಿಂಬ ಮಾತ್ರ, ಅದರ ಇತಿಹಾಸವಲ್ಲ.